ಹುಟ್ಟುಗಳ್ಳರು ಯಾರು?

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ನೆರೆಯವನ ಎಲೆಯ ಮೇಲಿನ ನೊಣವನ್ನು ಓಡಿಸಲು ಹೋದವನ ಗಾದೆಯು ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವದು. ಆದರೆ ಅದನ್ನು ತನ್ನನ್ನು ಕುರಿತು ಹೇಳಿಕೊಂಡವನನ್ನು ನಾವು ಈ ವರೆಗೆ ಕಂಡಿಲ್ಲ. ಗಾದೆಯು ಯಾವಾಗಲೂ ಎದುರುಮನೆಯವನಿಗೆ ಮೀಸಲು! ಪೂರ್ವಗ್ರಹದ ಬಗೆಗೆ ಬರೆಯಹೊರಟ ನಮಗೂ ಈ ಮಾತು ಅನ್ವಯಿಸುವದಾದ್ದರಿಂದ ಮೊದಲು ನಮ್ಮ ಎಲೆಯನ್ನೇ ವಾಚಕರ ಮುಂದೆ ಇಡುವೆವು.

ಕೆಲವು ವರುಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಬೆಳ್ಳಿಯ ಲೋಟ ಕಾಣೆಯಾಯಿತು. ಅದರ ಹಿಂದಿನ ದಿನ ಮೊರ ಬುಟ್ಟಿ ಮಾರುವ ಕೊರಮರ ಹೆಂಗಸೊಬ್ಬಳು ನಮ್ಮ ಪಡಸಾಲೆಯ ವರೆಗೆ ಬಂದು ನೀರು ಕೇಳಿ ಕುಡಿದು ಹೋಗಿದ್ದಳು. ಅದೇ ದಿನ ನಮ್ಮ ಮನೆಗೆ ಇಬ್ಬರು ಕಕ್ಷಿಗಾರರೂ, ವಿದ್ಯುತ್ತಿನ ಕೆಲಸದವನೊಬ್ಬನೂ, ನಮ್ಮ ಸೋದರಸಂಬಂಧಿಯೊಬ್ಬರೂ ಬಂದಿದ್ದರು. ಆ ನಾಲ್ವರ ಹೆಸರು ಯಾರ ಬಾಯಿಂದಲೂ ಹೊರಡಲಿಲ್ಲ. ಇಪ್ಪತ್ತು ವರುಷಗಳಿಂದ ನ್ಯಾಯಾಸನದ ಮುಂದೆ ನಿಂತು, ಆರೋಪವು ಸಿದ್ಧವಾಗುವ ತನಕ ಆರೋಪಿಯು ನಿರ್ದೋಷಿಯೆಂದು ಗಂಟಲು ಹರಿಯುವಂತೆ ವಾದಿಸಿದ ನಾವು ಆ ಹೆಂಗಸಿನ ಮೇಲೆ ಅರೆ ಗಳಿಗೆಯಲ್ಲಿ ತೀರ್ಪು ಕೊಟ್ಟುಬಿಟ್ಟೆವು. ಅಷ್ಟೇ ಅಲ್ಲ; ಅವಳು ನೀರು ಕುಡಿಯುವಾಗ ಅತ್ತಿತ್ತ ನೋಡಿದ್ದಳೆಂದೂ, ಬುಟ್ಟಿಯನ್ನು ಸೀರೆಯ ಸೆರಗಿನಿಂದ ಮುಚ್ಚಿದ್ದಳೆಂದೂ ನಮಗೆ ಸ್ಪಷ್ಟವಾಗಿ ನೆನಪಾಯಿತು. ಲೋಟ ಕಳೆಯುವದಕ್ಕೆ ಮುಂಚೆ ಇಲ್ಲದಿದ್ದ ನೆನಪು ಲೋಟ ಕಳೆದ ಮೇಲೆ ಹುಟ್ಟಿತೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಒಂಬತ್ತನೆಯ ದಿನ ಲೋಟವು ಅಕ್ಕಿಯ ಡಬ್ಬಿಯಲ್ಲಿ ದೊರೆಯಿತು. ಅಕ್ಕಿ ಅಳೆಯುವದಕ್ಕೆಂದು ನಾವೇ ಅದನ್ನು ಅಲ್ಲಿ ಹಾಕಿದ್ದೆವು. ಅಷ್ಟರಲ್ಲಿ ಓಣಿಯ ಹೆಂಗಸರಿಗೆಲ್ಲ ಸುದ್ದಿ ತಲುಪಿತ್ತು. ಆ ಮೊರದವಳು ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಅವಳ ಹೆಸರೇನೆಂದು ಸಹ ನಾವು ಕೇಳಿರಲಿಲ್ಲವಾದ್ದರಿಂದ ಹುಡುಕಿ ಹೋಗಿ ಕ್ಷಮೆ ಕೇಳುವ ದಾರಿಯೂ ನಮಗೆ ಉಳಿಯಲಿಲ್ಲ.

ಇದು ಒಂದು ಮನೆಯ ಕಥೆಯೆಂದು ವಾಚಕರು ತಳ್ಳಿಬಿಡಬಾರದು. ಇದೇ ಅರೆ ಗಳಿಗೆಯ ತೀರ್ಪು ಒಂದು ಕಾಲಕ್ಕೆ ಈ ದೇಶದ ಶಾಸನವಾಗಿತ್ತು. ಎಂಬತ್ತೊಂದು ವರುಷಗಳ ಕಾಲ ಲಕ್ಷಾಂತರ ಜನರ ಮೇಲೆ ಜಾರಿಯಲ್ಲಿತ್ತು. ೧೮೭೧ನೆಯ ಇಸ್ವಿಯ ಅಪರಾಧಿ ಬುಡಕಟ್ಟುಗಳ ಕಾಯದೆಯನ್ನೇ ನಾವು ಹೇಳುತ್ತಿರುವದು. ಯಾವದಾದರೊಂದು ಬುಡಕಟ್ಟು, ಗುಂಪು ಇಲ್ಲವೆ ವರ್ಗವು ಜಾಮೀನು ಸಿಕ್ಕದಂಥ ಅಪರಾಧಗಳನ್ನು ಪದ್ಧತಿಯಾಗಿ ಮಾಡುವ ಚಟಕ್ಕೆ ಬಿದ್ದಿದೆಯೆಂದು ಸರಕಾರಕ್ಕೆ ತೋರಿದರೆ ಸಾಕು, ಒಂದು ಪ್ರಕಟಣೆ ಹೊರಡಿಸಿ ಆ ಬುಡಕಟ್ಟಿನವರನ್ನೆಲ್ಲ ಅಪರಾಧಿಗಳೆಂದು ಸಾರಬಹುದಾಗಿತ್ತು. ಆ ಪ್ರಕಟಣೆಯು ಸರಿಯೋ ತಪ್ಪೋ ಎಂದು ಯಾವ ನ್ಯಾಯಾಲಯವೂ ಕೇಳಕೂಡದು! ಹೆಸರುಗಳನ್ನು ಪಟ್ಟಿಯಲ್ಲಿ ಬರೆಯುವರು. ಪಟ್ಟಿಯಲ್ಲಿದ್ದವನು ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು. ಊರು ಬಿಟ್ಟು ಹೋಗಲು ರಹದಾರಿ ಪಡೆಯಬೇಕು. ೧೮೯೭ರಲ್ಲಿ ನಾಲ್ಕು ವರುಷದ ಕೂಸುಗಳನ್ನು ಸಹ ತಂದೆತಾಯಿಗಳಿಂದ ಅಗಲಿಸಿ ಸುಧಾರಣಾಗೃಹಕ್ಕೆ ಒಯ್ಯುವ ಅಧಿಕಾರವನ್ನು ತಿದ್ದುಪಡಿಯಿಂದ ಪಡೆದುಕೊಂಡರು. ೧೯೧೧ರಲ್ಲಿ ಹಿಂದುಸ್ಥಾನದಾದ್ಯಂತ ಹಬ್ಬಿಸಿ, ಬೆರಳೊತ್ತುಗಳನ್ನು ತೆಗೆದುಕೊಳ್ಳುವ ಏರ್ಪಾಡು ಮಾಡಿದರು. ೧೯೨೪ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಮತ್ತೆ ಗಟ್ಟಿಮಾಡಿದರು.

ಈ ಶಾಸನವು ಹೊರಟಾಗ ವೈಸರಾಯರ ಸಭೆಯಲ್ಲಿ ಕಾಯದೆಯ ಸದಸ್ಯನಾಗಿದ್ದವನು ಸರ್ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ನಮ್ಮ ವೃತ್ತಿಯವರಿಗೆ ಈ ಹೆಸರು ಪೂಜ್ಯವಾದುದು. ೧೮೭೨ರ ಸಾಕ್ಷ್ಯದ ಕಾಯದೆಯನ್ನು ರಚಿಸಿದವನು ಅವನೇ. ಆ ಕಾಯದೆಯ ೫೪ನೆಯ ಕಲಮು ಏನೆನ್ನುವದು? ಕ್ರಿಮಿನಲ್ ಖಟ್ಲೆಯಲ್ಲಿ ಆರೋಪಿಯು ತನ್ನ ಒಳ್ಳೆಯ ನಡತೆಯ ಸಾಕ್ಷ್ಯವನ್ನು ತಾನಾಗಿ ತರದ ಹೊರತು, ಅವನು ಕೆಟ್ಟ ನಡತೆಯವನೆಂಬ ಸಂಗತಿಯು ಅಪ್ರಸ್ತುತವೆಂದು ಹೇಳುವದು. ಅಂದರೆ ನೀನು ಕೆಟ್ಟವನೆಂದು ಊರೆಲ್ಲ ಹೇಳಿದರೂ ಈ ಕಳವನ್ನು ನೀನೇ ಮಾಡಿದೆಯೆಂದು ಅದರಿಂದ ಸಿದ್ಧವಾಗುವದಿಲ್ಲ. ಎಂಥ ಉದಾತ್ತವಾದ ನಿಯಮ! ಸಾಕ್ಷ್ಯದ ಹಳೆಯ ಕಾಯದೆಯು ಹೋಗಿ ೨೦೨೪ರ ಜುಲೈ ೧ರಿಂದ ಹೊಸದು ಬಂದಾಗಲೂ ಈ ನಿಯಮವನ್ನು ಯಾರೂ ಕೈಬಿಡಲಿಲ್ಲ. ಆದರೆ ಒಂದು ವರುಷದ ಅಂತರದಲ್ಲಿ, ಒಂದೇ ಸಭೆಯಿಂದ, ಒಂದೇ ಸದಸ್ಯನ ಕಾಲದಲ್ಲಿ ಹೊರಟ ಎರಡು ಶಾಸನಗಳಲ್ಲಿ ಒಂದು ಮನುಷ್ಯನ ಸ್ವಂತ ಕೆಟ್ಟ ನಡತೆಯೂ ಸಾಕ್ಷ್ಯವಲ್ಲವೆಂದಿತು. ಇನ್ನೊಂದು ಅವನ ಅಜ್ಜನ ಜಾತಿಯೇ ಸಾಕ್ಷ್ಯವೆಂದಿತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಆದುದರಿಂದ ಕಳ್ಳನ ಮಗ ಕಳ್ಳ ಎಂಬದು ಆಗ ಶಾಸನದ ಪರವಾಗಿ ಮುಂದಿಟ್ಟ ತರ್ಕ.

ಆಂಗ್ಲರ ಮೇಲೆ ಹಲ್ಲು ಕಡಿದು ಕೈತೊಳೆದುಕೊಳ್ಳುವದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಪರಕೀಯರ ತಪ್ಪನ್ನು ಎಣಿಸುವದು ನಮಗೆ ಬಹು ಸುಲಭವಾದ ಕೆಲಸ. ಕಳ್ಳನ ಮಗ ಕಳ್ಳನೆಂಬ ಸಿದ್ಧಾಂತವನ್ನು ಅವರು ಹಡಗಿನಲ್ಲಿ ಹೇರಿಕೊಂಡು ಬಂದರೇನು? ಅದನ್ನು ಅವರಿಗೆ ಕೊಟ್ಟವರಾರು? ಊರ ಗೌಡನ ಮಾತು, ಶಾನುಭೋಗನ ವರದಿ, ಪಟ್ಟಣದ ಸಾವಕಾರನ ಫಿರ್ಯಾದಿ ಇಲ್ಲದೆ ಯಾವ ಜಿಲ್ಲೆಯ ಪಟ್ಟಿಯು ತಾನೇ ತುಂಬೀತು? ಶಾಸನದ ಮಸಿ ಅವರದು. ಬೆರಳು ತೋರಿಸಿದ ಕೈ ನಮ್ಮದು.

ಬೆರಳು ತೋರಿಸಿದ್ದಾದರೂ ಯಾರ ಕಡೆಗೆ? ಲಂಬಾಣಿಗರು ಶತಮಾನಗಳ ಕಾಲ ಎತ್ತುಗಳ ಮೇಲೆ ಧಾನ್ಯ ಹೇರಿ ದಖ್ಖನಿನ ದಂಡುಗಳಿಗೆಲ್ಲ ಅನ್ನವಿಕ್ಕಿದವರು. ೧೭೯೧-೯೨ರಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಮೇಲೆ ನಡೆಸಿದ ದಂಡಯಾತ್ರೆಯಲ್ಲಿ ಆಂಗ್ಲರ ಸೈನ್ಯವು ಉಪವಾಸ ಬೀಳದಂತೆ ಕಾಪಾಡಿದವರು ಇವರ ಟಾಂಡಗಳೇ. ಕೊರಚ ಕೊರಮರು ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಕಾಳನ್ನು ಕರಾವಳಿಗೂ ಎತ್ತು ಕತ್ತೆಗಳ ಮೇಲೆ ಸಾಗಿಸಿದವರು. ಮುಂದೆ ರೇಲ್ವೆ ಬಂದಿತು. ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಿತು. ೧೮೭೮ರ ಅರಣ್ಯದ ಕಾಯದೆಯಿಂದ ಎತ್ತು ಮೇಯಿಸುವ ಅಡವಿಗೂ ಬುಟ್ಟಿಗೆ ಬೇಕಾದ ಬಿದಿರಿಗೂ ಬೇಲಿ ಬಿದ್ದಿತು. ಕಸುಬನ್ನು ಕಸಿದುಕೊಂಡು, ಅಲೆಯುವದೇ ಅಪರಾಧವೆಂದು ಸಾರಿ, ಕೊನೆಗೆ ಇವರು ಏಕೆ ಅಲೆಯುತ್ತಾರೆಂದು ಕೇಳಿದ ವಿವೇಕಕ್ಕೆ ಏನೆನ್ನಬೇಕು!

ಇನ್ನು ಈ ಪಟ್ಟಿಯು ತನ್ನನ್ನು ತಾನೇ ಸತ್ಯವಾಗಿ ಮಾಡಿಕೊಂಡ ಬಗೆಯನ್ನು ವಾಚಕರು ನಿಧಾನವಾಗಿ ನೋಡಬೇಕು. ಪೂರ್ವಗ್ರಹದ ಜೀವವೇ ಅಲ್ಲಿರುವದು. ಊರಲ್ಲಿ ಕಳವಾಯಿತೆನ್ನಿ. ಪೋಲೀಸಿನವನು ಎಲ್ಲಿಗೆ ಹೋಗುವನು? ಪಟ್ಟಿಯಿದ್ದ ಕೇರಿಗೆ. ಹುಡುಕಿದಲ್ಲಿ ಏನಾದರೂ ಸಿಕ್ಕೀತು. ಸಿಕ್ಕದಿದ್ದರೆ ಹಾಜರಿಗೆ ಬಾರದವನೊಬ್ಬನಾದರೂ ಸಿಕ್ಕಾನು, ಮಗಳ ಬಾಣಂತಿತನಕ್ಕೆ ರಹದಾರಿಯಿಲ್ಲದೆ ನೆರೆಯೂರಿಗೆ ಹೋದವನಾದರೂ ಸಿಕ್ಕಾನು. ಅದೂ ಅಪರಾಧವೇ, ಅವನಿಗೂ ಶಿಕ್ಷೆ. ಶಿಕ್ಷೆಗಳ ಲೆಕ್ಕವು ವರುಷದ ವರದಿಯಲ್ಲಿ ಸೇರುವದು. ಮರುವರುಷ ಸಾಹೇಬರು ವರದಿಯನ್ನು ತೆರೆದು, ನೋಡಿರಿ, ಈ ಜಾತಿಯಲ್ಲಿ ಎಷ್ಟೊಂದು ಮಂದಿ ಶಿಕ್ಷೆ ಪಡೆದವರು, ಪಟ್ಟಿಯು ಸರಿಯಾಗಿಯೇ ಇದೆ ಎನ್ನುವರು. ಹುಡುಕದ ಕೇರಿಯಲ್ಲಿ ಕಳ್ಳನು ಸಿಕ್ಕುವದಿಲ್ಲ. ಸಿಕ್ಕದ್ದರಿಂದ ಆ ಕೇರಿಯು ಸಭ್ಯರ ಕೇರಿ! ಪ್ರಾಮಾಣಿಕನಾದ ಕೊರಚನೊಬ್ಬನು ಕಂಡುಬಂದರೆ ಅವನು ಅಪವಾದ. ತಪ್ಪು ಮಾಡಿದವನೊಬ್ಬನು ಕಂಡುಬಂದರೆ ಅವನು ಉದಾಹರಣೆ. ಹೀಗೆ ಎರಡು ಬಾಯಿಯುಳ್ಳ ತಕ್ಕಡಿಯಲ್ಲಿ ತೂಗಿದ ಮೇಲೆ ಯಾವ ಜನಾಂಗವು ತಾನೇ ನಿರ್ದೋಷಿಯಾಗಿ ಹೊರಬಂದೀತು?

ನಮ್ಮವರ ತಪ್ಪಿಗೆ ನಾವು ಬಳಸುವ ತಕ್ಕಡಿಯೇ ಬೇರೆ. ಧಾನ್ಯಕ್ಕೆ ಕಲ್ಲು ಬೆರೆಸಿದ ಅಂಗಡಿಕಾರನಿಗೆ ಆ ವರುಷ ನಷ್ಟವಾಗಿತ್ತು, ಪಾಪ. ಲಂಚ ತೆಗೆದುಕೊಂಡ ಗುಮಾಸ್ತನಿಗೆ ಮೂವರು ಹೆಣ್ಣುಮಕ್ಕಳು. ಕರವನ್ನು ಮುಚ್ಚಿಟ್ಟ ಶ್ರೀಮಂತನಿಗೆ ಲೆಕ್ಕಿಗನು ತಪ್ಪು ದಾರಿ ತೋರಿಸಿದನು. ಸುಳ್ಳು ಸಾಕ್ಷಿಯನ್ನು ಕಲಿಸಿಕೊಟ್ಟ ವಕೀಲನದು ಕಕ್ಷಿಗಾರನ ಮೇಲಿನ ನಿಷ್ಠೆ! ಇವರೆಲ್ಲ ಪರಿಸ್ಥಿತಿಗೆ ಸಿಕ್ಕ ಒಳ್ಳೆಯವರು. ಬುಟ್ಟಿಯವಳ ಮಗನು ಹಸಿದು ಎರಡು ತೆಂಗಿನಕಾಯಿ ಕಿತ್ತರೆ ಮಾತ್ರ ಅದು ಪರಿಸ್ಥಿತಿಯಲ್ಲ, ರಕ್ತ. ನಮ್ಮ ಜಾತಿಯಲ್ಲಿ ಲಂಚಕೋರರು ಹೆಚ್ಚೆಂದು ಯಾರಾದರೂ ಅಂದರೆ ನಾವು ಮಾನಹಾನಿಯ ಖಟ್ಲೆಗೆ ಸಿದ್ಧರಾಗುವೆವು. ಕನ್ನಡಿಗನು ಅಭಿಮಾನಶೂನ್ಯನು, ಆಲಸಿ ಎಂದು ಪರಪ್ರಾಂತದವರು ಒಟ್ಟಾರೆ ಅಂದಾಗ ನಮಗೆ ಎಷ್ಟು ಉರಿಯುವದು! ಕೋಟ್ಯವಧಿ ಜನರನ್ನು ಒಂದು ವಿಶೇಷಣದಲ್ಲಿ ಕಟ್ಟಿಹಾಕಲು ಇವರಾರೆಂದು ಕೇಳುವೆವು. ಕೇಳತಕ್ಕದ್ದೇ. ಆ ಉರಿಯ ಒಂದು ಕಿಡಿಯಾದರೂ ಲಂಬಾಣಿಗರ ಟಾಂಡದ ಪರವಾಗಿ ಹಾರಬಾರದೇ?

ಇದೆಲ್ಲ ಅವಿದ್ಯಾವಂತರ ಕೆಲಸ, ಓದಿದ ನಮ್ಮಂಥವರದಲ್ಲ ಎಂದು ಸಮಾಧಾನ ಪಡುವವರಿಗೆ ಅಮೇರಿಕೆಯ ಒಂದು ಸಂಗತಿಯನ್ನು ಹೇಳುವೆವು. ೨೦೦೪ರ ಮಾರ್ಚ್ ೧೧ರಂದು ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ರೈಲುಗಳಲ್ಲಿ ಬಾಂಬು ಸಿಡಿದು ನೂರಾರು ಜನ ಸತ್ತರು. ಸಿಡಿಮದ್ದಿನ ಸಾಮಾನಿದ್ದ ಚೀಲದ ಮೇಲೆ ದೊರೆತ ಬೆರಳೊತ್ತು ಆರೆಗಾನ್ ಸಂಸ್ಥಾನದ ಒಬ್ಬ ವಕೀಲನದೆಂದು ಅಮೇರಿಕೆಯ ಎಫ್‌ಬಿಐ ಇಲಾಖೆಯ ನುರಿತ ಪಂಡಿತರು ಖಚಿತವಾಗಿ ಹೇಳಿದರು. ಅವನು ಇಸ್ಲಾಮಿಗೆ ಮತಾಂತರ ಹೊಂದಿದವನು. ಸ್ಪೇನಿನ ಪೋಲೀಸರು ಇದು ಅವನದಲ್ಲವೆಂದು ತಿಳಿಸಿದರೂ ಪಂಡಿತರು ಕದಲಲಿಲ್ಲ. ಎರಡು ವಾರ ಅವನನ್ನು ಬಂಧನದಲ್ಲಿಟ್ಟರು. ಸ್ಪೇನಿನವರು ಅದು ಅಲ್ಜೀರಿಯದವನೊಬ್ಬನ ಬೆರಳೆಂದು ಕಂಡುಹಿಡಿದ ಮೇಲೆಯೇ ಕ್ಷಮಾಪಣೆ. ಅವನ ಮತವು ತಿಳಿದಿದ್ದರಿಂದ ಪಂಡಿತರು ತಮ್ಮ ತೀರ್ಪನ್ನು ಪುನಃ ಪರೀಕ್ಷಿಸಲು ಹಿಂಜರಿದಿರಬಹುದೆಂದು ಅಲ್ಲಿಯ ಸರಕಾರದ ವಿಚಾರಣೆಯೇ ೨೦೦೬ರಲ್ಲಿ ಬರೆಯಿತು.

ಇದರ ಬಾಲವು ಇನ್ನೂ ಸ್ವಾರಸ್ಯವಾದುದು. ಇಟಿಯೆಲ್ ಡ್ರೋರ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಸಂಗಡಿಗರೂ ಐವರು ಬೆರಳೊತ್ತಿನ ತಜ್ಞರಿಗೆ ಒಂದು ಜೊತೆ ಗುರುತುಗಳನ್ನು ಕೊಟ್ಟು, ಆ ಪ್ರಸಿದ್ಧವಾದ ತಪ್ಪು ಹೊಂದಾಣಿಕೆಯು ಇದೇ, ನೋಡಿರಿ ಎಂದರು. ನಿಜವಾಗಿ ಅವು ಆ ತಜ್ಞರೇ ಹಲವು ವರುಷಗಳ ಹಿಂದೆ ತಂತಮ್ಮ ಕೆಲಸದಲ್ಲಿ ಪರೀಕ್ಷಿಸಿ, ಒಂದಕ್ಕೊಂದು ಹೊಂದುವವೆಂದು ಬರೆದುಕೊಟ್ಟಿದ್ದ ಗುರುತುಗಳು! ಐವರಲ್ಲಿ ಒಬ್ಬನು ಮಾತ್ರ ತನ್ನ ಹಿಂದಿನ ಮಾತಿಗೆ ನಿಂತನು. ಮೂವರು ಹೊಂದುವದಿಲ್ಲವೆಂದರು, ಒಬ್ಬನು ಹೇಳಲಾರೆನೆಂದನು. ಬೆರಳು ಅದೇ, ಗೆರೆ ಅದೇ, ಕಣ್ಣು ಅದೇ. ಕಿವಿಗೆ ಬಿದ್ದ ಮಾತು ಮಾತ್ರ ಬೇರೆ. ಯಂತ್ರದಂತೆ ನಿಷ್ಪಕ್ಷಪಾತಿಯೆಂದು ನಾವು ನಂಬಿದ ಶಾಸ್ತ್ರದ ಗತಿಯು ಹೀಗಾದರೆ, ಪಡಸಾಲೆಯಲ್ಲಿ ಕುಳಿತು ತೀರ್ಪು ಕೊಡುವ ನಮ್ಮ ಗತಿಯೇನು?

ಶಿಕ್ಷಕ ಬಂಧುಗಳಿಗೆ ಪ್ರತ್ಯೇಕವಾಗಿ ಎರಡು ಮಾತು. ಕರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರಪ್ರದೇಶದ ಹಳ್ಳಿಗಾಡಿನ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳಲ್ಲಿ ದಾರಿ ಹುಡುಕುವ ಕೆಲಸ ಕೊಟ್ಟರು. ಜಾತಿಯ ಮಾತೆತ್ತದೆ ಇದ್ದಾಗ ಮೇಲಿನವರೆನ್ನಿಸಿಕೊಂಡವರ ಮಕ್ಕಳಿಗೂ ಕೆಳಗಿನವರೆನ್ನಿಸಿಕೊಂಡವರ ಮಕ್ಕಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಪ್ರತಿಯೊಬ್ಬನ ಹೆಸರು ಜಾತಿಗಳನ್ನು ಎಲ್ಲರೆದುರು ಕೂಗಿ ಹೇಳಿದ ಮೇಲೆ ಕೆಳಗಿನವರ ಮಕ್ಕಳು ಹಿಂದೆ ಬಿದ್ದರು. ತರಗತಿಯಲ್ಲಿ ವಿದ್ಯಾರ್ಥಿವೇತನದ ಹುಡುಗರೆಲ್ಲ ಎದ್ದು ನಿಲ್ಲಿರಿ ಎಂದು ಕೂಗುವ ಗುರುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ರೇಮಾ ಹನ್ನಾ, ಲೀ ಲಿಂಡೆನ್ ಎಂಬವರು ೨೦೧೨ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ ಉತ್ತರಪತ್ರಿಕೆಗಳ ಮೇಲೆ ಜಾತಿಯನ್ನು ಚೀಟಿ ಎತ್ತಿದಂತೆ ಮನಬಂದಂತೆ ಬರೆದು ನಮ್ಮ ದೇಶದ ಶಿಕ್ಷಕರಿಂದ ಅಂಕಗಳನ್ನು ಹಾಕಿಸಿದರು. ಕೆಳಜಾತಿಯೆಂದು ಬರೆದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಿದ್ದವು. ಆದರೆ ಹಾಗೆ ಕಡಿಮೆ ಹಾಕಿದವರು ಮೇಲುಜಾತಿಯ ಶಿಕ್ಷಕರಲ್ಲ. ಬಹುಮಟ್ಟಿಗೆ ಕೆಳಜಾತಿಯ ಶಿಕ್ಷಕರೇ ಎಂದು ಕಂಡುಬಂದಿತು! ಇದನ್ನು ಓದಿ ಮೇಲಿನವರು ಹಿಗ್ಗಬೇಕಾಗಿಲ್ಲ. ತಲೆಮಾರುಗಳಿಂದ ನಾವು ಅವರ ಕಿವಿಯಲ್ಲಿ ಊದಿದ ಮಾತನ್ನು ಅವರೂ ನಂಬಿಬಿಟ್ಟರೆಂದರೆ ಅದು ಯಾರ ಪರಾಕ್ರಮ? ಒಂದು ಸಲ ಲೋಕದಲ್ಲಿ ಹರಡಿದ ತೀರ್ಪು ತೀರ್ಪಿಗೊಳಗಾದವನ ಕಣ್ಣಿನೊಳಗೂ ಹೊಕ್ಕು ಕುಳಿತುಕೊಳ್ಳುವದು.

ತನಗೆ ಪೂರ್ವಗ್ರಹವಿಲ್ಲವೆಂಬ ಭಾವನೆಯಾದರೋ ಎಲ್ಲ ಪೂರ್ವಗ್ರಹಗಳ ತಾಯಿ. ಎಮಿಲಿ ಪ್ರೋನಿನ್ ಮತ್ತು ಅವಳ ಸಂಗಡಿಗರು ಇದನ್ನು ೨೦೦೨ರಲ್ಲಿ ಪರೀಕ್ಷಿಸಿ ನೋಡಿದರು. ಇಂಥಿಂಥ ಪಕ್ಷಪಾತಗಳಿಗೆ ಜನಸಾಮಾನ್ಯರು ಒಳಗಾಗುವರೆಂದು ಒಪ್ಪಿಕೊಂಡವರೇ ತಾವು ಮಾತ್ರ ಅಷ್ಟಾಗಿ ಒಳಗಾಗುವದಿಲ್ಲವೆಂದು ಹೇಳಿದರು. ಇದೂ ಒಂದು ಪಕ್ಷಪಾತವೇ ಎಂದು ತಿಳಿಸಿಕೊಟ್ಟ ಬಳಿಕವೂ ಬಹುಜನರು ತಮ್ಮ ಮಾತನ್ನು ಬಿಡಲಿಲ್ಲ. ಈ ಲೇಖನವನ್ನು ಇಲ್ಲಿಯ ವರೆಗೆ ಓದಿ, ಇದನ್ನು ನಮ್ಮ ಬೀಗರಿಗೆ ಓದಿಸಬೇಕು ಎಂದು ಅಂದುಕೊಂಡ ವಾಚಕರಿಗೆ ನಮ್ಮ ನಮಸ್ಕಾರ.

ಶಾಸನವು ಸತ್ತಿತಲ್ಲ, ಇನ್ನೇಕೆ ಹಳೆಯ ಗೋಳು ಎಂದು ಕೇಳುವವರುಂಟು. ಸತ್ತಿತು ನಿಜ. ೧೯೩೬ರಲ್ಲಿಯೇ ಪಂಡಿತ ಜವಾಹರಲಾಲರು ನೆಲ್ಲೂರಿನಲ್ಲಿ ಅದನ್ನು ಕಟುವಾಗಿ ಖಂಡಿಸಿದ್ದರು. ಅನಂತಶಯನಂ ಅಯ್ಯಂಗಾರರ ಸಮಿತಿಯು ಅದನ್ನು ತೆಗೆದುಹಾಕಬೇಕೆಂದು ಹೇಳಿತು. ೧೯೫೨ರ ಆಗಸ್ಟ್ ೩೧ರಂದು ಅದು ರದ್ದಾಯಿತು. ಸ್ವಾತಂತ್ರ್ಯ ಬಂದು ಐದು ವರುಷಗಳ ತರುವಾಯ ಈ ಜನರಿಗೆ ಸ್ವಾತಂತ್ರ್ಯ ಬಂದಿತು. ಆ ದಿನವನ್ನು ಅವರು ವಿಮುಕ್ತ ದಿನವೆಂದು ಆಚರಿಸುವದು ಇದಕ್ಕಾಗಿಯೇ. ಆದರೆ ಹಳೆಯ ಪಟ್ಟಿಯು ಹೋದಲ್ಲಿ ರೂಢಿಗತ ಅಪರಾಧಿಗಳ ಕಾಯದೆಗಳು ಪ್ರಾಂತ ಪ್ರಾಂತಗಳಲ್ಲಿ ಬಂದವು. ನಮ್ಮಲ್ಲಿ ೧೯೬೧ರಲ್ಲಿ ಬಂದಿತು. ಅದರಲ್ಲಿ ಜಾತಿಯ ಹೆಸರಿಲ್ಲ. ಆದರೆ ಪೋಲೀಸಿನವನ ಕಾಲಿಗೆ ಹಳೆಯ ಕೇರಿಯ ದಾರಿಯು ಮರೆತಿರಬೇಕಲ್ಲ! ೧೮೭೧ರ ಕಾಯದೆಯ ಇನ್ನೊಂದು ಭಾಗವು ಹಿಜಡಾ ಜನರನ್ನೂ ಇದೇ ರೀತಿ ಪಟ್ಟಿ ಮಾಡಿತ್ತು. ಅದರ ಪ್ರೇತವು ೨೦೧೧ರಲ್ಲಿ ನಮ್ಮ ಕರ್ನಾಟಕದ ಪೋಲೀಸು ಕಾಯದೆಯಲ್ಲಿ ೩೬-ಎ ಎಂಬ ಕಲಮಾಗಿ ಎದ್ದು ಬಂದು, ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾದ ಮೇಲೆ ಆ ಜನರ ಹೆಸರನ್ನು ಬಿಟ್ಟುಕೊಟ್ಟಿತು. ಅಲೆಮಾರಿಗಳಿಗೆ ಸೆರೆಮನೆಯಿಂದ ಓಡಿಹೋಗುವ ಸ್ವಾಭಾವಿಕ ಪ್ರವೃತ್ತಿಯಿದೆಯೆಂಬರ್ಥದ ಮಾತು ಪಶ್ಚಿಮ ಬಂಗಾಲದ ಸೆರೆಮನೆಯ ನಿಯಮಗಳಲ್ಲಿ ಇತ್ತು. ಇಂಥ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು ೨೦೨೪ರ ಅಕ್ಟೋಬರ್ ೩ರಂದು. ಎಪ್ಪತ್ತೆರಡು ವರುಷಗಳ ಕಾಲ ಆ ಸಾಲುಗಳ ಮೇಲೆ ಎಷ್ಟು ಅಧಿಕಾರಿಗಳ ಕಣ್ಣು ಹಾದುಹೋಗಿರಬೇಕು. ಒಬ್ಬರಿಗೂ ಅದು ವಿಪರೀತವೆಂದು ಕಾಣಲಿಲ್ಲವೇ?

ಹುಬ್ಬಳ್ಳಿ ಗದಗುಗಳಲ್ಲಿ ಇಂದಿಗೂ ಸೆಟ್ಲಮೆಂಟ್ ಎಂಬ ಹೆಸರಿನ ವಸತಿಗಳಿವೆ. ಮುಂಬಯಿ ಇಲಾಖೆಯ ಕಾಲದಲ್ಲಿ ಈ ಜನರನ್ನು ತಂದು ಕೂಡಿಹಾಕಿ, ಹಾಜರಿ ತೆಗೆದುಕೊಂಡು, ಗಿರಣಿ ರೇಲ್ವೆಗಳ ದುಡಿಮೆಗೆ ಹಚ್ಚಿದ ಸ್ಥಳಗಳವು. ಬೇಲಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಹೋಗಲಿಲ್ಲ. ಅಲ್ಲಿಯ ಸುಶಿಕ್ಷಿತ ತರುಣನೊಬ್ಬನು ಕೆಲ ದಿನಗಳ ಹಿಂದೆ ನಮ್ಮ ಕಚೇರಿಗೆ ಬಂದಿದ್ದನು. ನೌಕರಿಗೆ ಅರ್ಜಿ ಹಾಕುವಾಗ ಅವನು ವಿಳಾಸದಲ್ಲಿ ಪಕ್ಕದ ಬಡಾವಣೆಯ ಹೆಸರನ್ನು ಬರೆಯುವನಂತೆ. ಆ ಮಾತನ್ನು ನಗುತ್ತಲೇ ಹೇಳಿದನು. ಅವನು ಬಂದದ್ದು ಬೇರೆ ಕೆಲಸಕ್ಕೆ. ಅವನ ಜಾತಿಯ ಹೆಸರು ಸರಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಗಂಟಿಚೋರ ಎಂದು ಇರುವದು. ಗಂಟು ಕದಿಯುವವನೆಂದು ಅದರ ಅರ್ಥ. ಯಾರೋ ಬೈದ ಮಾತೇ ಜಾತಿಯ ಹೆಸರಾಗಿ ಅಚ್ಚಾಗಿಬಿಟ್ಟಿದೆ. ಮಗಳನ್ನು ಶಾಲೆಗೆ ಹಾಕಬೇಕು, ಪ್ರಮಾಣಪತ್ರ ಬೇಕು. ಆದರೆ ಆ ಶಬ್ದವನ್ನು ಅವಳ ಹೆಸರಿನ ಮುಂದೆ ಬರೆಯಿಸಲು ಮನಸ್ಸಿಲ್ಲ. ಪ್ರತಿಜ್ಞಾಪತ್ರ ಮಾಡಿಸಿ ಹೆಸರನ್ನು ಬದಲಾಯಿಸಿಕೊಳ್ಳಲು ಬರುವದೇ ಎಂದು ಕೇಳಿದನು. ಸಂವಿಧಾನದ ೩೪೧ನೆಯ ಅನುಚ್ಛೇದದಂತೆ ಆ ಪಟ್ಟಿಯ ಒಂದಕ್ಷರವನ್ನು ತಿದ್ದಬೇಕಾದರೂ ಪಾರ್ಲಿಮೆಂಟೇ ತಿದ್ದಬೇಕೆಂದೂ, ಅಲ್ಲಿಯ ವರೆಗೆ ಮಗಳಿಗೆ ವಿದ್ಯಾರ್ಥಿವೇತನ ಬೇಕಾದರೆ ಅವಳು ಕಳ್ಳಿಯೆಂದು ತಂದೆಯೇ ಬರೆದುಕೊಡಬೇಕೆಂದೂ ನಾವು ಹೇಳಬೇಕಾಯಿತು. ಅವನು ಶುಲ್ಕವೆಷ್ಟೆಂದು ಕೇಳಿದನು. ನಾವು ಬೇಡವೆಂದೆವು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದನು. ಅರ್ಜಿಯ ಕೊನೆಯ ದಿನಾಂಕ ಮುಂದಿನ ಸೋಮವಾರ.